ಅರ್ಧ ಬೆಲೆಯಂತೆ! ಯಾವುದರ ಅರ್ಧ?

ಮೊನ್ನೆ ರಾತ್ರಿ ಬೆಂಗಳೂರಿನಿಂದ ಅಕ್ಕನ ಮಗನ ಫೋನು. "ಮಾವ, ಒಂದು ಟೆಕ್ ಷೇರು ಅರ್ಧಕ್ಕರ್ಧ ಬಿದ್ದಿದೆ. ಸೈಟಿಗೆ ಅಂತ ಇಟ್ಟ ದುಡ್ಡು ಹಾಕಿಬಿಡ್ಲಾ?"

ಯಾವುದರ ಅರ್ಧ ಮಾರಾಯ, ಅಂದೆ. ಕಂಪೆನಿಯ ಲಾಭ ಎಷ್ಟು ಅಂತ ಅವನು ನೋಡಿರಲಿಲ್ಲ. ನೋಡಿದ್ದು ಹಳೆಯ ಬೆಲೆ ಮಾತ್ರ.

ನಾನೂ ಹೀಗೇ ಕೆಟ್ಟವನು. 2001ರಲ್ಲಿ ಡೊಂಬಿವಲಿ ಲೋಕಲ್ಲಿನಲ್ಲಿ ಎಲ್ಲರ ಬಾಯಲ್ಲೂ ಷೇರಿನದೇ ಮಾತು. 400 ರೂಪಾಯಿ ಇದ್ದ ಒಂದು ಸಾಫ್ಟ್‌ವೇರ್ ಷೇರು 80ಕ್ಕೆ ಇಳಿದಾಗ "ಇನ್ನೆಷ್ಟು ಬಿದ್ದೀತು" ಅಂತ ಕೊಂಡೆ. 40ಕ್ಕೆ ಬಂತು. ಸರಾಸರಿ ಇಳಿಸೋಣ ಅಂತ ಮತ್ತೆ ಕೊಂಡೆ. ಶೇ. 80 ಬಿದ್ದದ್ದು ಶೇ. 90 ಆಗುವಷ್ಟರಲ್ಲಿ ನನ್ನ ದುಡ್ಡು ಅರ್ಧ ಹೋಗಿತ್ತು. ಕೊನೆಗೆ ಆ ಕಂಪೆನಿಯೇ ಪೇಟೆಯಿಂದ ಮಾಯ. ಹೆಂಡತಿಯ ಬಳೆ ಅಡವಿಟ್ಟ ದುಡ್ಡು ಸ್ವಾಮಿ ಅದು.

"ಅಮೆಜಾನ್ ಶೇ. 90ಕ್ಕಿಂತ ಹೆಚ್ಚು ಬಿದ್ದೂ ಎದ್ದಿಲ್ವಾ?" ಅನ್ನುವವರಿದ್ದಾರೆ. ಎದ್ದವನ ಹೆಸರು ಎಲ್ಲರಿಗೂ ನೆನಪಿರುತ್ತದೆ, ಮಲಗಿಯೇ ಹೋದವರದ್ದು ಯಾರಿಗೆ ನೆನಪು? 2000ದ ಮಾರ್ಚಿನಲ್ಲಿ 5,048 ಇದ್ದ ನಾಸ್ಡಾಕ್ 2002ರ ಅಕ್ಟೋಬರಿನಲ್ಲಿ 1,114. ಹಳೆಯ ಮಟ್ಟ ಮತ್ತೆ ಕಂಡದ್ದು 2015ರಲ್ಲಿ.

ಕಂಪೆನಿ ಒಳ್ಳೆಯದಾದರೆ ಸಾಕು ಅನ್ನುವುದೂ ಸುಳ್ಳು. ಮೈಕ್ರೋಸಾಫ್ಟ್ ತನ್ನ 1999ರ ಡಿಸೆಂಬರಿನ ಬೆಲೆಯನ್ನು ದಾಟಿದ್ದು 2016ರಲ್ಲಿ. ಅಷ್ಟರಲ್ಲಿ ಅದರ ಆದಾಯ ಮೂರು ಪಟ್ಟಿಗೂ ಮೀರಿ ಬೆಳೆದಿತ್ತು! ಕೆಟ್ಟದ್ದು ವ್ಯಾಪಾರವಲ್ಲ, 1999ರಲ್ಲಿ ಕೊಂಡವರು ಕೊಟ್ಟ ಬೆಲೆ.

ಲೆಕ್ಕ ನೀವೇ ಮಾಡಿ. 100 ರೂಪಾಯಿಯ ಷೇರಿಗೆ 5 ರೂಪಾಯಿ ಲಾಭವಿದ್ದರೆ ಬೆಲೆ ಲಾಭದ 20 ಪಟ್ಟು. ಬೆಲೆ 50ಕ್ಕೆ, ಲಾಭ 2ಕ್ಕೆ ಇಳಿದರೆ? 25 ಪಟ್ಟು. ಅರ್ಧ ಬೆಲೆಯ ಮಾಲು ಮೊದಲಿಗಿಂತ ದುಬಾರಿಯಾಯಿತು! ಲಾಭವೇ ಇಲ್ಲದ ಕಂಪೆನಿಯಾದರೆ ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು ಅಂತ ಕೇಳಿ. ನೌಕರರಿಗೆ ಷೇರಿನ ರೂಪದಲ್ಲಿ ಕೊಟ್ಟ ಸಂಬಳವನ್ನು ಖರ್ಚಿಗೆ ಸೇರಿಸದೆ "ಲಾಭ" ತೋರಿಸುವವರೂ ಇದ್ದಾರೆ, ಹುಷಾರು.

ಇದನ್ನೆಲ್ಲ ಟಿವಿಯ ಪಂಡಿತರು ಹೇಳುವುದಿಲ್ಲ. ತುದಿಯಲ್ಲಿದ್ದಾಗ "ಇನ್ನೂ ಏರುತ್ತದೆ" ಅಂದವರೇ ಬಿದ್ದ ಮೇಲೆ "ಸುವರ್ಣಾವಕಾಶ" ಅನ್ನುತ್ತಾರೆ. ಎರಡೂ ಸಲ ದುಡ್ಡು ನಮ್ಮದು.

ಅಳಿಯ ನನ್ನ ಮೇಲೆ ಸಿಟ್ಟಾಗಿದ್ದಾನೆ. ಆಗಲಿ. ಸೈಟಿನ ದುಡ್ಡು ಸದ್ಯ ಬ್ಯಾಂಕಿನಲ್ಲೇ ಇದೆ. ನೀವೇನಂತೀರಿ?