ಅಂಕಪಟ್ಟಿಯಲ್ಲಿ ಕಾಣದ ಗುಡ್ಡ

2021ರ ನವೆಂಬರ್‌ನಲ್ಲಿ ನೀತಿ ಆಯೋಗವು ದೇಶದ 56 ನಗರಗಳ ಸುಸ್ಥಿರ ಅಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸಿತು. ನೂರಕ್ಕೆ 75.50 ಅಂಕ ಪಡೆದು ಮೊದಲ ಸ್ಥಾನದಲ್ಲಿ ನಿಂತದ್ದು ಬೆಟ್ಟದ ನಗರ ಶಿಮ್ಲಾ. ಎರಡು ವರ್ಷ ತುಂಬುವ ಮೊದಲೇ, 2023ರ ಆಗಸ್ಟ್ 14ರಂದು, ಅದೇ ನಗರದ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಕುಸಿದು ಶಿವಾಲಯವೊಂದು ನೆಲಸಮವಾಯಿತು. ಇಪ್ಪತ್ತು ಜನ ಪ್ರಾಣ ಕಳೆದುಕೊಂಡರು. ಅಂಕಪಟ್ಟಿ ಸುಳ್ಳು ಹೇಳಿರಲಿಲ್ಲ. ಇಳಿಜಾರು ಎಷ್ಟು ಭಾರ ಹೊರಬಲ್ಲದೆಂಬ ಪ್ರಶ್ನೆಯೇ ಅದರಲ್ಲಿರಲಿಲ್ಲ.

ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲಿ 17 ಗುರಿಗಳನ್ನೂ 169 ಉಪಗುರಿಗಳನ್ನೂ ಒಪ್ಪಿಕೊಂಡವು, ಗಡುವು 2030. ಮಾತು ಕೊಟ್ಟವು ರಾಷ್ಟ್ರಗಳಾದರೂ ನಲ್ಲಿ, ಚರಂಡಿ, ಕಸ, ಬಸ್ಸುಗಳ ಹೊಣೆ ನಗರಗಳದ್ದು. ಆದ್ದರಿಂದಲೇ 2018ರಲ್ಲಿ ನ್ಯೂಯಾರ್ಕ್ ತನ್ನ ಪ್ರಗತಿಯ ವರದಿಯನ್ನು ತಾನೇ ವಿಶ್ವಸಂಸ್ಥೆಗೆ ಸಲ್ಲಿಸಿತು; ಅನೇಕ ನಗರಗಳು ಆ ದಾರಿ ಹಿಡಿದವು. ಭಾರತದ ಸೂಚ್ಯಂಕದಲ್ಲಿ 77 ಸೂಚಕಗಳಿವೆ. ಪ್ರತಿಯೊಂದನ್ನೂ ಸೊನ್ನೆಯಿಂದ ನೂರರ ಅಳತೆಗೆ ತಂದು ಸರಾಸರಿ ತೆಗೆಯಲಾಗುತ್ತದೆ. ಹೋಲಿಕೆಗೆ ಇದು ಅನುಕೂಲ; ಆದರೆ ಸರಾಸರಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಬಿಡುತ್ತದೆ. ಪುರಸಭೆ, ಪಾಲಿಕೆಗಳ ಮಟ್ಟದ ಅಂಕಿಅಂಶ ಸಿಗದ ಕಡೆ ಜಿಲ್ಲೆಯ ನಗರ ಪ್ರದೇಶಗಳ ಲೆಕ್ಕವನ್ನೇ ಬಳಸಲಾಗಿದೆ.

ನೀರಿನ ವಿಷಯವನ್ನೇ ನೋಡಬಹುದು. 2015–16ರ ಚಳಿಗಾಲದಲ್ಲಿ ಶಿಮ್ಲಾಕ್ಕೆ ನೀರು ಕೊಡುವ ಅಶ್ವನಿ ಖಡ್ ಹಳ್ಳಕ್ಕೆ ನಗರದ್ದೇ ಕೊಳಚೆ ಸೇರಿ ಕಾಮಾಲೆ ಹರಡಿತು. 2018ರ ಮೇ ತಿಂಗಳಲ್ಲಿ ನಲ್ಲಿಗಳು ದಿನಗಟ್ಟಲೆ ಬತ್ತಿದವು. ಎಷ್ಟು ಮನೆಗಳಿಗೆ ನೀರಿನ ಸೌಲಭ್ಯವಿದೆ ಎಂದು ಎಣಿಸುವ ಸೂಚಕಕ್ಕೆ ನಲ್ಲಿಯ ಹಿಂದಿನ ಹಳ್ಳ ಕಾಣುವುದಿಲ್ಲ.

ಈ ಕುರುಡು ಮಲೆನಾಡಿಗೆ ಹೊಸತಲ್ಲ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಶರಾವತಿ ನೀರನ್ನು ಒಯ್ಯುವ ಪ್ರಸ್ತಾಪ ಬಂದಾಗ, 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಅಂಥ ಯೋಜನೆ ನಡೆದಿದ್ದರೆ ನೀರು ಪಡೆದ ಮನೆಗಳು ರಾಜಧಾನಿಯ ಪ್ರಗತಿಯ ಲೆಕ್ಕಕ್ಕೆ ಸೇರುತ್ತಿದ್ದವು. ಕಡಿದ ಕಾಡು, ಕುಗ್ಗಿದ ಹೊಳೆ ಯಾವ ನಗರದ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಗಡಿಯೊಳಗಿನ ಗಳಿಕೆಯನ್ನಷ್ಟೇ ಬರೆದು ಗಡಿಯಾಚೆಯ ನಷ್ಟವನ್ನು ಬಿಡುವ ಲೆಕ್ಕವನ್ನು ಯಾವ ರೈತನೂ ಲೆಕ್ಕವೆಂದು ಒಪ್ಪಲಾರ.

ಹಾಗೆಂದು ಎಣಿಕೆಯೇ ಬೇಡವೆನ್ನುವುದು ವಿವೇಕವಲ್ಲ. ಎಣಿಸದಿದ್ದುದನ್ನು ಆಡಳಿತ ನೆನಪಿಡುವುದಿಲ್ಲ. ಆದರೆ ದೊಡ್ಡ ನಗರಗಳ ಹಾಗೂ ರಾಜಧಾನಿಗಳ ಆ ಪಟ್ಟಿಯಲ್ಲಿ ಮಡಿಕೇರಿ, ಸಕಲೇಶಪುರ, ಶಿರಸಿಯಂಥ ಊರುಗಳಿಗೆ ಜಾಗವಿಲ್ಲ. ಅವು ತಮ್ಮ ಲೆಕ್ಕವನ್ನು ತಾವೇ ಇಡಬೇಕು. ಏಪ್ರಿಲ್‌ನಲ್ಲಿ ಊರಿನ ಒರತೆಗಳಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆ, ವರ್ಷದಲ್ಲಿ ಎಷ್ಟು ಗುಡ್ಡ ಕಡಿಯಲಾಯಿತು, ಎಷ್ಟು ಹಳ್ಳಗಳ ಮೇಲೆ ಕಟ್ಟಡ ಎದ್ದಿತು, ಊರು ದಾಟಿದ ಮೇಲೆ ಹೊಳೆಯ ನೀರು ಹೇಗಿದೆ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಒರತೆಯನ್ನು ಅಳೆಯಲು ಒಂದು ಬಕೆಟ್ಟು, ಒಂದು ಗಡಿಯಾರ ಇದ್ದರಾಯಿತು. ಶಾಲೆಯ ಮಕ್ಕಳೂ ಮಾಡಬಲ್ಲರು. ಉತ್ತರಗಳನ್ನು ಪ್ರತಿ ವರ್ಷ ವಾರ್ಡ್ ಸಭೆಯಲ್ಲಿ ಓದಬೇಕು. ಕೆಳಗಿನ ಗ್ರಾಮ ಪಂಚಾಯಿತಿಯವರನ್ನೂ ಆ ಸಭೆಗೆ ಕರೆಯಬೇಕು. ನಗರದ ಪ್ರಗತಿಗೆ ಸಾಕ್ಷಿ ಹೇಳಬೇಕಾದವರು ಅದರ ಕೊಳಚೆಯನ್ನು ಕುಡಿಯುವವರೇ.