ಡಿಸ್ಕ್ ತೂರಿಸೋ ಸಂದಿಯ ಬೆಲೆ ಎಷ್ಟು?

“ಮಾಮ, ಡಿಸ್ಕ್ ಹಾಕೋದು ತಗೊಳ್ಳಲಾ, ಡಿಸ್ಕ್ ಇಲ್ದೇ ಇರೋದು ತಗೊಳ್ಳಲಾ? ಇಲ್ದೇ ಇರೋದಾದ್ರೆ ಹತ್ತು ಸಾವಿರ ಉಳಿಯುತ್ತೆ.”

ಮೊನ್ನೆ ಹಾಸನದಿಂದ ಅಕ್ಕನ ಮಗನ ಫೋನು. ಬಿ.ಕಾಂ. ಎರಡನೇ ವರ್ಷ. ಅಜ್ಜಿ ಕೊಟ್ಟಿದ್ದು, ರಜೆಯಲ್ಲಿ ಮೆಡಿಕಲ್ ಸ್ಟೋರಿನಲ್ಲಿ ನಿಂತು ದುಡಿದಿದ್ದು ಎಲ್ಲಾ ಸೇರಿ ಅರವತ್ತು ಸಾವಿರ ಮಾಡ್ಕೊಂಡಿದ್ದಾನೆ. ಪಿಎಸ್‌5 ತಗೋಬೇಕು ಅಂತ ಅವನ ಆಸೆ. ರೂಮ್‌ಮೇಟ್ ಮಾತ್ರ “ಕನ್ಸೋಲ್ ತಗೊಳ್ಳೋನು ದಡ್ಡ, ಗೇಮಿಂಗ್ ಪಿಸಿ ಕಟ್ಟಿಸು” ಅಂತ ತಲೆ ತಿಂತಿದಾನಂತೆ. ನಾನು ಎರಡಕ್ಕೂ ದುಡ್ಡು ಸುರಿದು ಮನೆಯಲ್ಲಿ ಬೈಸ್ಕೊಂಡಿರೋನು, ಹಾಗಾಗಿ ನನ್ನ ಮಾತಿಗೆ ಬೆಲೆ ಇರಬಹುದು ಅಂತ ಅಂದ್ಕೊಂಡ ಅನ್ಸುತ್ತೆ. ಫೋನಲ್ಲಿ ಮುಕ್ಕಾಲು ಗಂಟೆ ಕೊರೆದೆ. ಅದನ್ನೇ ಇಲ್ಲೂ ಕೊರೀತಿದೀನಿ, ಸಹಿಸ್ಕೊಳ್ಳಿ :)

ಮೊದಲು ತಾಕತ್ತಿನ ವಿಷಯ. ಪಿಸಿ ಅಭಿಮಾನಿಗಳು ಬೇಜಾರು ಮಾಡ್ಕೊಂಡ್ರೂ ಸರಿ, ಕೊಟ್ಟ ದುಡ್ಡಿಗೆ ಲೆಕ್ಕ ಹಾಕಿದ್ರೆ ಮೊದಲ ದಿನ ಗೆಲ್ಲೋದು ಕನ್ಸೋಲೇ. ಪಿಎಸ್‌5 ಭಾರತಕ್ಕೆ ಬಂದಿದ್ದು 2021ರ ಫೆಬ್ರವರಿ 2ರಂದು. ಡಿಸ್ಕ್ ಇರೋದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಒಳಗೆ ಎಎಂಡಿಯ ಎಂಟು ಕೋರಿನ ಝೆನ್ 2 ಪ್ರೊಸೆಸರ್, 10.28 ಟೆರಾಫ್ಲಾಪ್ಸ್ ಗ್ರಾಫಿಕ್ಸ್, ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಸೇರಿ 16 ಜಿಬಿ ಮೆಮೊರಿ, ಸೆಕೆಂಡಿಗೆ 5.5 ಜಿಬಿ ಓದೋ ಎಸ್‌ಎಸ್‌ಡಿ. ಪಿಸಿಯಲ್ಲಿ ಇದಕ್ಕೆ ಸರಿಸಮ ಅಂದ್ರೆ ಆರ್‌ಟಿಎಕ್ಸ್ 2070 ಸೂಪರ್ ಆಸುಪಾಸಿನ ಕಾರ್ಡು ಬೇಕು ಅಂತ ಆವಾಗ ಹೋಲಿಕೆ ಮಾಡ್ತಿದ್ರು.

ಅದೇ ವರ್ಷ ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಟ್ಟಿ ಹಿಡ್ಕೊಂಡು ಅಂಗಡಿ ಅಂಗಡಿ ಅಲೆದೆ. ಆರ್‌ಟಿಎಕ್ಸ್ 3060 ಆಗಷ್ಟೇ ಬಂದಿತ್ತು. ಕಂಪನಿ ಹೇಳಿದ ಬೆಲೆ 329 ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲಿ ಇಪ್ಪತ್ನಾಲ್ಕು ಸಾವಿರ. ಅಂಗಡಿಯವನು ಹೇಳಿದ್ದು ಐವತ್ತೆರಡು! ಈಥೀರಿಯಂ ಮೈನಿಂಗ್ ಮಾಡೋರು ಕಾರ್ಡುಗಳನ್ನ ಮೂಟೆಗಟ್ಟಲೆ ಹೊತ್ಕೊಂಡು ಹೋಗ್ತಿದ್ದ ಕಾಲ ಅದು. ಕೇಸು, ಪವರ್ ಸಪ್ಲೈ, ಬೋರ್ಡು, ರ‍್ಯಾಮು ಎಲ್ಲಾ ಸೇರಿಸಿದ್ರೆ ಲಕ್ಷಕ್ಕೆ ಎರಡು ಸಾವಿರ ಕಡಿಮೆ. “ಯುಪಿಎಸ್ ಬೇಡ್ವಾ ಸಾರ್?” ಅಂತ ಬೇರೆ ಕೇಳಿದ. ನಾನು ಕಬ್ಬಿನ ಹಾಲು ಕುಡಿದು ಮನೆಗೆ ಬಂದೆ. (2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂನವರು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟ ಮೇಲೆ ಬೆಲೆ ಇಳೀತು, ನಾನೂ ಪಿಸಿ ಕಟ್ಟಿಸಿದೆ. ಅದು ಬೇರೆ ಕಥೆ.)

ಇನ್ನೊಂದು ಅನುಕೂಲ ಇದೆ, ಅದು ಟೆರಾಫ್ಲಾಪ್ಸ್ ಲೆಕ್ಕದಲ್ಲಿ ಕಾಣಲ್ಲ. ಕನ್ಸೋಲ್ ಎಲ್ಲರ ಮನೇಲೂ ಒಂದೇ. ಗೇಮ್ ಮಾಡೋನು ಆ ಒಂದೇ ಪೆಟ್ಟಿಗೆಗೆ ಅಂತ ತಿದ್ದಿ ತೀಡ್ತಾನೆ. ಪಿಸಿ ಸಾವಿರ ಥರ. 2015ರ ಜೂನ್‌ನಲ್ಲಿ ‘ಬ್ಯಾಟ್‌ಮ್ಯಾನ್: ಆರ್ಖಮ್ ನೈಟ್’ ಪಿಸಿಯಲ್ಲಿ ಎಷ್ಟು ಕೆಟ್ಟದಾಗಿ ಓಡ್ತಿತ್ತು ಅಂದ್ರೆ ಮಾರಾಟವನ್ನೇ ನಿಲ್ಲಿಸಿಬಿಟ್ರು. 2023ರ ಮಾರ್ಚ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ್ಲೂ 8 ಜಿಬಿ ಕಾರ್ಡಿನವರು ತಲೆ ಚಚ್ಕೊಂಡ್ರು. ಹಾಗಂತ ಕನ್ಸೋಲಿನವರು ಮೀಸೆ ತಿರುವೋ ಹಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಪಿಎಸ್‌4ನಲ್ಲಿ ಓಡಿದ ಚೆಂದಕ್ಕೆ ಸೋನಿಯವರೇ ಅದನ್ನ ತಮ್ಮ ಸ್ಟೋರಿಂದ ಕಿತ್ತು ಹಾಕಿದ್ರು. ಆರು ತಿಂಗಳಾದ ಮೇಲೆ ಮತ್ತೆ ಬಂತು.

ಒಳ್ಳೇ ಕಾರ್ಡಿರೋ ಪಿಸಿಯ ಮಟ್ಟ ಕನ್ಸೋಲ್ ಮುಟ್ಟಲ್ಲ, ಒಪ್ತೀನಿ. ಸೆಕೆಂಡಿಗೆ 120, 144 ಫ್ರೇಮು, ಮೌಸ್ ಹಿಡಿದು ಗುರಿ ಇಡೋ ಸುಖ, ಸೆಟ್ಟಿಂಗ್ಸ್ ಎಲ್ಲಾ ನಮ್ಮ ಕೈಯಲ್ಲಿ. ಆದ್ರೆ ನಮ್ಮ ಹುಡುಗ ಆಡೋದು ಅಕ್ಕನ ಮನೆಯ ಹಾಲ್‌ನಲ್ಲಿರೋ 43 ಇಂಚಿನ ಮಾಮೂಲಿ ಟಿವಿಯಲ್ಲಿ. ಅದು 60 ಹರ್ಟ್ಸ್‌ನದು. ಅದರ ಮುಂದೆ ಕೂತು 144 ಫ್ರೇಮ್ ಬಗ್ಗೆ ಚರ್ಚೆ ಮಾಡೋದು ಎತ್ತಿನ ಗಾಡಿಗೆ ಫೆರಾರಿ ಇಂಜಿನ್ ಬೇಕಾ ಅಂತ ಕೇಳಿದ ಹಾಗೆ.

ಸರಿ, ಕನ್ಸೋಲ್ ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತಾರೆ? ಕೊಡಲ್ಲ. ಅಲ್ಲೇ ಇರೋದು ಮಜಾ. 2006ರಲ್ಲಿ ಪಿಎಸ್‌3 ಬಂದಾಗ ಐಸಪ್ಲೈ ಅನ್ನೋ ಸಂಸ್ಥೆ ಅದನ್ನ ಬಿಚ್ಚಿ ಲೆಕ್ಕ ಹಾಕ್ತು. 599 ಡಾಲರ್‌ಗೆ ಮಾರ್ತಿದ್ದ ಪೆಟ್ಟಿಗೆಗೆ ತಯಾರಿಕೆ ಖರ್ಚೇ ಸುಮಾರು 840 ಡಾಲರ್ ಅಂತ ಬಂತು. 2021ರಲ್ಲಿ ಎಪಿಕ್ ಮತ್ತು ಆಪಲ್ ಕಂಪನಿಗಳ ಕೋರ್ಟು ಕೇಸಿನಲ್ಲಿ ಮೈಕ್ರೋಸಾಫ್ಟ್‌ನ ಲೋರಿ ರೈಟ್ ಸಾಕ್ಷಿ ಹೇಳ್ತಾ, ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ನಾವು ಯಾವತ್ತೂ ಲಾಭ ಮಾಡಿಲ್ಲ ಅಂದ್ರು. ಹಾಗಾದ್ರೆ ಲಾಭ ಎಲ್ಲಿಂದ? ಆಮೇಲೆ ನಾವು ತಗೊಳ್ಳೋ ಒಂದೊಂದು ಗೇಮಿಂದ, ಆನ್‌ಲೈನ್ ಆಡೋಕೆ ಕಟ್ಟೋ ಚಂದಾದಿಂದ. ಪಿಸಿಯಲ್ಲಿ ಆನ್‌ಲೈನ್ ಆಡೋಕೆ ಇಂಟರ್ನೆಟ್ ಬಿಲ್ಲು ಬಿಟ್ರೆ ಬೇರೆ ಚಂದಾ ಇಲ್ಲ. ಪ್ಲೇಸ್ಟೇಷನ್‌ನಲ್ಲೂ ಪಿಎಸ್‌3 ಕಾಲದಲ್ಲಿ ಪುಕ್ಕಟೆ ಇತ್ತು. ಪಿಎಸ್‌4 ಬಂದಾಗಿನಿಂದ, ಉಚಿತ ಗೇಮ್‌ಗಳನ್ನ ಬಿಟ್ಟು ಉಳಿದಿದ್ದಕ್ಕೆಲ್ಲ ಪಿಎಸ್ ಪ್ಲಸ್ ಬೇಕು.

ಇಲ್ಲಿಗೆ ಡಿಸ್ಕಿನ ಮಾತು ಬಂತು. ನನ್ನ ಮಟ್ಟಿಗೆ ಕನ್ಸೋಲಾ ಪಿಸಿನಾ ಅನ್ನೋ ಜಗಳ ತೀರ್ಮಾನ ಆಗೋದೇ ಈ ಒಂದು ವಿಷಯದ ಮೇಲೆ.

ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿದೋರಿಗೆ ಗೊತ್ತು. ನಾವು ಕಾರ್ಟ್ರಿಡ್ಜ್ ಅಂತಿರ್ಲಿಲ್ಲ, ‘ಕ್ಯಾಸೆಟ್’ ಅಂತಿದ್ವಿ. ನಮ್ಮ ಬೀದೀಲಿ ಗೇಮ್ ಇದ್ದಿದ್ದು ಮೂರು ಮನೇಲಿ, ಕ್ಯಾಸೆಟ್ಟು ಒಟ್ಟು ಎಂಟೋ ಒಂಬತ್ತೋ. ನಮ್ಮನೇಲಿ ಕಾಂಟ್ರಾ, ಮೂಲೆಮನೇಲಿ ಮಾರಿಯೋ. ಭಾನುವಾರ ಬೆಳಿಗ್ಗೆ ಕೈಬದಲು. ಓಡಲಿಲ್ಲ ಅಂದ್ರೆ ಉಫ್ ಅಂತ ಊದಿ ಮತ್ತೆ ಹಾಕೋದು. ಒಂದು ಕ್ಯಾಸೆಟ್ ಹಾಳಾದ್ರೆ ಮೂರು ಮನೆಯಲ್ಲೂ ಸೂತಕ. ಇಡೀ ಬಾಲ್ಯದಲ್ಲಿ ನಮ್ಮಪ್ಪ ಕೊಡಿಸಿದ್ದು ಎರಡೇ ಕ್ಯಾಸೆಟ್, ನಾನು ಆಡಿದ್ದು ಇಪ್ಪತ್ತಕ್ಕೂ ಹೆಚ್ಚು.

ಡಿಸ್ಕ್ ಅಂದ್ರೆ ಅದೇ ಕ್ಯಾಸೆಟ್ಟು. ಲೆಕ್ಕ ನೋಡಿ. ಪಿಎಸ್‌5 ಬಂದಾಗ ಸೋನಿಯ ದೊಡ್ಡ ಗೇಮಿಗೆ ಇಲ್ಲಿ 4,999 ರೂಪಾಯಿ ಇಟ್ರು. ವರ್ಷಕ್ಕೆ ನಾಲ್ಕು ಗೇಮ್, ಐದು ವರ್ಷ ಅಂದ್ಕೊಳ್ಳಿ, ಇಪ್ಪತ್ತು ಗೇಮು. ಡಿಜಿಟಲ್ ಪೆಟ್ಟಿಗೆಯಲ್ಲಿ ಪೂರ್ತಿ ಬೆಲೆ ಕೊಟ್ಟು ತಗೊಂಡ್ರೆ ಇಪ್ಪತ್ತು ರೂಪಾಯಿ ಕಡಿಮೆ ಒಂದು ಲಕ್ಷ! ಇಲ್ಲಪ್ಪ, ನಾನು ಸೇಲ್ ಬರೋವರೆಗೂ ಕಾಯ್ತೀನಿ, ಅರ್ಧ ಬೆಲೆಗೆ ತಗೋತೀನಿ ಅಂತೀರಾ? ಆಗ್ಲೂ ಐವತ್ತು ಸಾವಿರ. ಒಂದು ಪೈಸೆ ವಾಪಸ್ ಬರಲ್ಲ, ಮುಗಿಸಿದ ಗೇಮನ್ನ ತಮ್ಮನಿಗೂ ಕೊಡೋಕಾಗಲ್ಲ. ಡಿಸ್ಕ್ ಇದ್ರೆ 4,999 ಕೊಟ್ಟು ತಂದು, ತಿಂಗಳಲ್ಲಿ ಮುಗಿಸಿ, 3,500ಕ್ಕೆ ಮಾರಿದ್ರೆ ಆಟಕ್ಕೆ ಬಿದ್ದಿದ್ದು ಸಾವಿರದ ಐನೂರು. ಸೆಕೆಂಡ್ ಹ್ಯಾಂಡ್‌ನಲ್ಲೇ ತಂದು ಸೆಕೆಂಡ್ ಹ್ಯಾಂಡ್‌ನಲ್ಲೇ ಮಾರಿದ್ರೆ ಇನ್ನೂ ಕಡಿಮೆ. ನಾನು ಒಂದು ಗೇಮನ್ನ 2,200ಕ್ಕೆ ತಂದು ಎರಡು ತಿಂಗಳು ಆಡಿ 2,200ಕ್ಕೇ ಮಾರಿದೀನಿ, ಆಟೋ ಚಾರ್ಜ್ ಮಾತ್ರ ನಷ್ಟ. ಹತ್ತು ಸಾವಿರ ಉಳೀತು ಅಂತ ಡಿಸ್ಕ್ ಇಲ್ಲದ ಪೆಟ್ಟಿಗೆ ತಂದೋನು ಆ ಹತ್ತು ಸಾವಿರವನ್ನ ಮೂರು-ನಾಲ್ಕು ಗೇಮಿನಲ್ಲೇ ಕಳ್ಕೊಂಡಿರ್ತಾನೆ.

ಕಂಪನಿಗಳಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ತೋರಿಸಿದಾಗ ಹಳೇ ಡಿಸ್ಕ್ ಮಾರಾಟಕ್ಕೆ ಕಡಿವಾಣ ಹಾಕೋ ಯೋಜನೆ ತಂದಿದ್ರು. ಜನ ಉಗಿದ ರೀತಿಗೆ ಜೂನ್ ತಿಂಗಳಲ್ಲೇ ವಾಪಸ್ ತಗೊಂಡ್ರು. ಆ ಗಲಾಟೆ ನಡುವೆ ಸೋನಿಯವರು ಒಂದು ಚಿಕ್ಕ ವಿಡಿಯೋ ಬಿಟ್ರು: ಪಿಎಸ್‌4 ಗೇಮ್ ಇನ್ನೊಬ್ರಿಗೆ ಕೊಡೋದು ಹೇಗೆ? ಶುಹೇ ಯೋಶಿದಾ ಡಿಸ್ಕಿನ ಡಬ್ಬಿಯನ್ನ ಪಕ್ಕದಲ್ಲಿ ನಿಂತಿದ್ದ ಆಡಮ್ ಬಾಯ್ಸ್ ಕೈಗೆ ಕೊಡ್ತಾರೆ. ಅಷ್ಟೇ, ಮುಗೀತು! ಜಗತ್ತೆಲ್ಲ ಚಪ್ಪಾಳೆ ಹೊಡೀತು. ಅದೇ ಸೋನಿ 2024ರ ನವೆಂಬರ್‌ನಲ್ಲಿ 700 ಡಾಲರ್‌ನ ಪಿಎಸ್‌5 ಪ್ರೊ ತಂದಾಗ ಅದರಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇಕಾದ್ರೆ ಬೇರೆ ತಗೊಳ್ಳಿ ಅಂದ್ರು. ಹನ್ನೊಂದು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ!

ಈಗ ಪಿಸಿಯವರು ಕೇಳಬಹುದು, ನಮ್ಮಲ್ಲೂ ಡಿಸ್ಕ್ ಇಲ್ಲವಲ್ಲ ಅಂತ. ನಿಜ. ಪಿಸಿಯಲ್ಲಿ ಆ ಬಾಗಿಲು ಕನ್ಸೋಲ್‌ಗಿಂತ ಎಷ್ಟೋ ಮುಂಚೆ ಮುಚ್ಚಿಹೋಯ್ತು. 2004ರ ನವೆಂಬರ್‌ನಲ್ಲಿ ‘ಹಾಫ್-ಲೈಫ್ 2’ ಡಿಸ್ಕ್ ದುಡ್ಡು ಕೊಟ್ಟು ತಂದ್ರೂ ಸ್ಟೀಮ್‌ನಲ್ಲಿ ನೋಂದಾಯಿಸದೆ ಓಡ್ತಿರ್ಲಿಲ್ಲ. ಒಮ್ಮೆ ನೋಂದಾಯಿಸಿದ ಡಿಸ್ಕು ಇನ್ನೊಬ್ರಿಗೆ ಬರೀ ಟೀ ಲೋಟದ ಅಡಿಗಿಡೋ ಬಿಲ್ಲೆ. ಆದ್ರೆ ಪಿಸಿಯಲ್ಲಿ ಅಂಗಡಿ ಒಂದೇ ಅಲ್ಲ. ಸ್ಟೀಮ್ ಬೇಡ ಅಂದ್ರೆ ಎಪಿಕ್ ಇದೆ, ಯಾವ ಬೀಗವೂ ಇಲ್ಲದೆ ಗೇಮ್ ಕೊಡೋ ಜಿಒಜಿ ಇದೆ. ಪೈಪೋಟಿ ಇರೋ ಕಡೆ ಬೆಲೆ ತಾನಾಗೇ ಇಳಿಯುತ್ತೆ. 2020ರ ಮೇ ತಿಂಗಳಲ್ಲಿ ಎಪಿಕ್‌ನವರು ಜಿಟಿಎ 5 ಅನ್ನೇ ಪುಕ್ಕಟೆ ಹಂಚಿದ್ರು. ಡಿಸ್ಕ್ ಇಲ್ಲದ ಕನ್ಸೋಲಿನಲ್ಲಿ ಅಂಗಡಿ ಒಂದೇ, ಅದರ ಯಜಮಾನನೂ ಪೆಟ್ಟಿಗೆ ಮಾಡಿದೋನೇ. ನಾನು ಡಿಜಿಟಲ್ ಕನ್ಸೋಲ್ ಬೇಡವೇ ಬೇಡ ಅನ್ನೋದು ಇದಕ್ಕೇ. ಪಿಸಿಯ ಪೈಪೋಟಿಯೂ ಇಲ್ಲ, ಡಿಸ್ಕಿನ ಕೈಬದಲೂ ಇಲ್ಲ. ಎರಡೂ ಕಡೆಯ ಕೆಟ್ಟದ್ದು ಒಂದೇ ಡಬ್ಬದಲ್ಲಿ.

ಪಿಸಿಗೆ ಇನ್ನೊಂದು ದೊಡ್ಡಸ್ತಿಕೆ ಇದೆ, ಹಳೇದನ್ನ ಬಿಸಾಕಲ್ಲ. ಹಾಫ್-ಲೈಫ್ 2 ಈಗ್ಲೂ ನನ್ನ ಪಿಸಿಯಲ್ಲಿ ಓಡುತ್ತೆ. ನನ್ನ ಪಿಎಸ್‌3 ಡಿಸ್ಕುಗಳು ಪಿಎಸ್‌5 ಬಾಯಿಗೆ ಹಾಕಿದ್ರೆ ಉಗುಳುತ್ತೆ. (ಪಿಎಸ್‌4 ಡಿಸ್ಕುಗಳು ಬಹುತೇಕ ಎಲ್ಲಾ ಓಡ್ತವೆ, ಅಷ್ಟು ಪುಣ್ಯ.) ರಿಪೇರಿ ವಿಷಯದಲ್ಲೂ ಹಾಗೇ. ಪಿಸಿಯಲ್ಲಿ ರ‍್ಯಾಮ್ ಹೋದ್ರೆ ರ‍್ಯಾಮ್, ಪವರ್ ಸಪ್ಲೈ ಹೋದ್ರೆ ಪವರ್ ಸಪ್ಲೈ, ಹಾಸನದಲ್ಲೇ ಹಾಕಿಸ್ಕೋಬಹುದು. ಮೊದಲ ಪಿಎಸ್‌5ನಲ್ಲಿ ಡ್ರೈವಿನ ಬೋರ್ಡಿಗೂ ಮುಖ್ಯ ಬೋರ್ಡಿಗೂ ಗಂಟು ಹಾಕಿಬಿಟ್ಟಿದ್ರು, ಬೇರೆ ಡ್ರೈವ್ ತಂದು ಹಾಕಿದ್ರೆ ಓಡಲ್ಲ. ಆಮೇಲಿನ ಸ್ಲಿಮ್‌ನಲ್ಲಿ ಡ್ರೈವ್ ಬಿಚ್ಚಿ ಹಾಕಬಹುದು, ಆದ್ರೆ ಮೊದಲ ಸಲ ಜೋಡಿಸೋಕೆ ಇಂಟರ್ನೆಟ್ ಬೇಕು. ನನ್ನದೇ ಪೆಟ್ಟಿಗೆಗೆ ನನ್ನದೇ ಡ್ರೈವ್ ಸಿಕ್ಕಿಸೋಕೆ ಯಾರದೋ ಅಪ್ಪಣೆ!

“ಇನ್ನೊಂದು ವರ್ಷ ಕಾಯಲಾ, ಬೆಲೆ ಇಳಿಯುತ್ತೇನೋ” ಅಂತ ಹುಡುಗ ಕೇಳಿದ. ನಮ್ಮ ಕಾಲದ ಬುದ್ಧಿವಾದ ಇದು, ಈಗ ನಡೆಯಲ್ಲ. ಪಿಎಸ್‌2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂದಿದ್ದು 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಪಿಎಸ್‌5 ಉಲ್ಟಾ. ಇಲ್ಲಿ 2022ರ ನವೆಂಬರ್‌ನಲ್ಲಿ 49,990 ಇದ್ದಿದ್ದು 54,990 ಆಯ್ತು. ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದ್ರು. ಎಕ್ಸ್‌ಬಾಕ್ಸ್‌ನವರು 2025 ಒಂದೇ ವರ್ಷದಲ್ಲಿ ಎರಡು ಸಲ. ಪಿಸಿ ಕಡೆ ನೋಡಿದ್ರೆ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ನುಂಗ್ತಾ 2025ರ ಕೊನೆಗೆ ರ‍್ಯಾಮ್ ಬೆಲೆ ಆಕಾಶಕ್ಕೆ ಹೋಯ್ತು. ಕಾದವನಿಗೆ ಲಾಭ ಅನ್ನೋ ಕಾಲ ಹೋಯ್ತು ಅಂತ ಹೇಳೋಕೆ ನನಗೇ ಬೇಜಾರು, ಯಾಕಂದ್ರೆ ನಾನು ಜೀವನಪೂರ್ತಿ ಕಾದು ತಗೊಂಡೋನು.

ಕೊನೆಗೆ ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: “ನಿನ್ನ ಹತ್ರ ಕಂಪ್ಯೂಟರ್ ಇದೆಯೇನೋ?” ಇಲ್ಲ ಅಂದಿದ್ರೆ ಮಾತೇ ಇರ್ಲಿಲ್ಲ. ಟ್ಯಾಲಿ ಕಲೀಬೇಕು, ಪ್ರಾಜೆಕ್ಟ್ ಮಾಡಬೇಕು, ಅರವತ್ತು ಸಾವಿರವನ್ನೂ ಪಿಸಿಗೇ ಹಾಕು, ಗೇಮ್ ಕಡಿಮೆ ಸೆಟ್ಟಿಂಗ್ಸ್‌ನಲ್ಲಿ ಆಡು, ಎರಡು ವರ್ಷ ಬಿಟ್ಟು ದುಡಿದು ಕಾರ್ಡ್ ಹಾಕಿಸ್ಕೋ ಅಂತಿದ್ದೆ. ಕನ್ಸೋಲಿನಲ್ಲಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಲ್ಲ. ಆದ್ರೆ ಅವನ ಹತ್ರ ನಾಲ್ಕು ವರ್ಷದ ಲ್ಯಾಪ್‌ಟಾಪ್ ಇದೆ, ಕಾಲೇಜಿಗೆ ಸಾಕು. ಹಾಗಾಗಿ ಡಿಸ್ಕ್ ಇರೋ ಪಿಎಸ್‌5 ತಗೋ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಆದ್ರೆ ಕಣ್ಣೆದುರಿಗೆ ಒಂದು ಡಿಸ್ಕ್ ಹಾಕಿಸಿ ಓದುತ್ತಾ ನೋಡಿ ತಗೋ ಅಂದೆ. ಮಿಕ್ಕಿದ ದುಡ್ಡಲ್ಲಿ ಒಂದು ಒಳ್ಳೇ ಸ್ಟೆಬಿಲೈಸರ್ರೂ.

ನಿಮ್ಮಲ್ಲಿ ಪಿಸಿ ಪಕ್ಷದವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ಅರವತ್ತು ಸಾವಿರದೊಳಗೆ ಇದಕ್ಕಿಂತ ಒಳ್ಳೇ ಪಟ್ಟಿ ಇದ್ರೆ ಕೊಡಿ, ಹುಡುಗನಿಗೆ ಕಳಿಸ್ತೀನಿ. ಮಾನಿಟರು ಯುಪಿಎಸ್ಸು ಬಿಟ್ಟು ಲೆಕ್ಕ ಹಾಕೋ ಮೋಸ ಮಾತ್ರ ಬೇಡ.

ಫೋನ್ ಇಡೋ ಮುಂಚೆ ಅವನು ಕೇಳಿದ, “ಹಂಗಾದ್ರೆ ನಿನ್ನ ಹತ್ರ ಇರೋ ಡಿಸ್ಕ್‌ಗಳು ಕೊಡ್ತೀಯಾ ಮಾಮ?” ಹನ್ನೊಂದಿವೆ. ಹತ್ತನ್ನ ಒಂದು ಬಟ್ಟೆ ಚೀಲಕ್ಕೆ ಹಾಕಿಟ್ಟಿದೀನಿ, ಮುಂದಿನ ವಾರ ಅಕ್ಕ ಬಂದಾಗ ತಗೊಂಡು ಹೋಗ್ತಾಳೆ. ‘ಬ್ಲಡ್‌ಬೋರ್ನ್’ ಮಾತ್ರ ಕೊಡಲ್ಲ, ಇನ್ನೂ ಮುಗಿದಿಲ್ಲ.