ಒಬ್ಬ ಸೈನಿಕನಿಗೆ ಎಷ್ಟು ಮಂದಿ ಮೇಲಧಿಕಾರಿಗಳು? ಕಂಪ್ಯೂಟರ್‌ಗೆ ಇದು ಸುಲಭದ ಪ್ರಶ್ನೆಯಲ್ಲ

ಸೇನೆ ಎಂದರೆ ಮೇಲಿನಿಂದ ಕೆಳಗೆ ಇಳಿಯುವ ಒಂದೇ ಸರಪಳಿ, ಪ್ರತಿ ತುಕಡಿಗೂ ಒಬ್ಬರೇ ಮೇಲಧಿಕಾರಿ ಎಂಬುದು ಸಾಮಾನ್ಯ ನಂಬಿಕೆ. ಅದು ನಿಜವಾಗಿದ್ದರೆ ಸೇನಾ ರಚನೆಯನ್ನು ಕಂಪ್ಯೂಟರ್‌ಗೆ ತುಂಬುವುದು ವಂಶವೃಕ್ಷ ಬರೆದಷ್ಟೇ ಸುಲಭವಾಗುತ್ತಿತ್ತು. ಆದರೆ ವಾಸ್ತವ ಬೇರೆ.

ಅಮೆರಿಕದ ಸೇನಾ ನಿಯಮಗಳನ್ನೇ ನೋಡೋಣ. ಅಲ್ಲಿ ಅಧಿಕಾರದಲ್ಲಿ ಹಲವು ಬಗೆಗಳಿವೆ. ಮುಖ್ಯವಾದ ಮೂರು ಇವು:

• ಆಪರೇಷನಲ್ ಕಂಟ್ರೋಲ್: ಪಡೆಗಳನ್ನು ಸಂಘಟಿಸುವ, ಕೆಲಸ ಹಂಚುವ, ಗುರಿ ನಿಗದಿಪಡಿಸುವ ಅಧಿಕಾರ.
• ಟ್ಯಾಕ್ಟಿಕಲ್ ಕಂಟ್ರೋಲ್: ವಹಿಸಿದ ಕೆಲಸದ ಮಟ್ಟಿಗೆ ಮಾತ್ರ ಚಲನವಲನವನ್ನು ನಿರ್ದೇಶಿಸುವ ಅಧಿಕಾರ.
• ಆಡಳಿತಾತ್ಮಕ ನಿಯಂತ್ರಣ: ಸಿಬ್ಬಂದಿ, ಸರಬರಾಜು, ತರಬೇತಿ, ಶಿಸ್ತಿನ ಹೊಣೆ.

ಈ ಮೂರೂ ಒಂದೇ ತುಕಡಿಯ ಮೇಲೆ ಮೂವರು ಬೇರೆ ಬೇರೆ ಅಧಿಕಾರಿಗಳ ಕೈಯಲ್ಲಿರಬಹುದು.

ಕಂಪ್ಯೂಟರ್‌ಗೆ ಹೇಳುವುದು ಹೇಗೆ?

'ಇವರು ಅವರ ಕೈಕೆಳಗೆ' ಎಂದು ಬರೆದರೆ ಸಾಲದು. ಯಾವ ಬಗೆಯ ಅಧಿಕಾರ, ಯಾವಾಗಿನಿಂದ, ಯಾವಾಗಿನವರೆಗೆ ಎಂಬುದನ್ನೂ ದಾಖಲಿಸಬೇಕು. ಜೊತೆಗೆ ನಿಯಮಗಳನ್ನೂ ಕೊಡಬೇಕು. ಉದಾಹರಣೆಗೆ, ಆಪರೇಷನಲ್ ಕಂಟ್ರೋಲ್ ಇದ್ದವರಿಗೆ ಟ್ಯಾಕ್ಟಿಕಲ್ ಕಂಟ್ರೋಲ್ ತಾನಾಗಿಯೇ ಇರುತ್ತದೆ. ಆದರೆ ಟ್ಯಾಕ್ಟಿಕಲ್ ಕಂಟ್ರೋಲ್ ಮಾತ್ರ ಇದ್ದವರು ತುಕಡಿಯನ್ನು ಮರುಸಂಘಟಿಸುವಂತಿಲ್ಲ. ಇಷ್ಟು ಕೊಟ್ಟರೆ, 'ನಾಳೆ ಬೆಳಿಗ್ಗೆ ಆರಕ್ಕೆ ಈ ತುಕಡಿಯನ್ನು ಯಾರು ಕಳುಹಿಸಬಹುದು?' ಎಂಬ ಪ್ರಶ್ನೆಗೆ ಯಂತ್ರ ಉತ್ತರಿಸಬಲ್ಲದು. ಒಂದೇ ಹೊತ್ತಿನಲ್ಲಿ ಇಬ್ಬರಿಗೆ ಒಂದೇ ಅಧಿಕಾರ ಬಿದ್ದಿದ್ದರೆ ಎಚ್ಚರಿಸಲೂಬಲ್ಲದು.

ಒಂದೇ ಪದ, ಎರಡು ಅರ್ಥ

ಇನ್ನೂ ಒಂದು ತೊಡಕಿದೆ. ನ್ಯಾಟೋ ಕೂಡ 'ಆಪರೇಷನಲ್ ಕಂಟ್ರೋಲ್' ಎಂದೇ ಹೇಳುತ್ತದೆ. ಆದರೆ ಅದರ ವ್ಯಾಖ್ಯೆಯಲ್ಲಿ ತುಕಡಿಯನ್ನು ಒಡೆದು ಭಾಗಗಳನ್ನು ಬೇರೆ ಬೇರೆ ಕೆಲಸಕ್ಕೆ ಹಚ್ಚುವ ಅಧಿಕಾರವಿಲ್ಲ. ಎರಡು ದೇಶಗಳ ಕಂಪ್ಯೂಟರ್‌ಗಳು ಪದವನ್ನಷ್ಟೇ ವಿನಿಮಯ ಮಾಡಿಕೊಂಡರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಪದದ ಅರ್ಥವನ್ನು ಮೊದಲೇ ಬಿಡಿಸಿ ಬರೆಯಬೇಕಾದದ್ದು ಇದಕ್ಕಾಗಿಯೇ.

ಗೊಂದಲದ ಬೆಲೆ

1994ರ ಏಪ್ರಿಲ್ 14ರಂದು ಉತ್ತರ ಇರಾಕ್‌ನಲ್ಲಿ ಅಮೆರಿಕದ ಎರಡು ಎಫ್-15 ವಿಮಾನಗಳು ಅಮೆರಿಕದವೇ ಆದ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸಿದವು. 26 ಮಂದಿ ಸತ್ತರು. ಪೈಲಟ್‌ಗಳು ಅವನ್ನು ಶತ್ರು ಹೆಲಿಕಾಪ್ಟರ್‌ಗಳೆಂದು ಭಾವಿಸಿದ್ದೂ ಸೇರಿ ಕಾರಣಗಳು ಹಲವು. ಆದರೆ ಭೂಸೇನೆಯ ಹೆಲಿಕಾಪ್ಟರ್ ಹಾರಾಟಗಳು ವಾಯುಪಡೆಯ ಯೋಜನೆಯೊಳಗೆ ಸರಿಯಾಗಿ ಬೆಸೆದಿರಲಿಲ್ಲ. ಆ ವಲಯದೊಳಗೆ ಬಳಸಬೇಕಿದ್ದ ಗುರುತಿನ ಸಂಕೇತ ಬೇರೆಯದು ಎಂಬುದೇ ಹೆಲಿಕಾಪ್ಟರ್ ಸಿಬ್ಬಂದಿಗೆ ತಿಳಿದಿರಲಿಲ್ಲ.

ನಮ್ಮಲ್ಲಿ

2001ರಲ್ಲಿ ರಚನೆಯಾದ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್‌ನಲ್ಲಿ ಮೂರೂ ಪಡೆಗಳವರು ಒಬ್ಬ ಕಮಾಂಡರ್ ಅಡಿಯಲ್ಲಿದ್ದಾರೆ. ಇಂಥ ಜಂಟಿ ಸಂಸ್ಥೆಗಳ ಮುಖ್ಯಸ್ಥರಿಗೆ ಎಲ್ಲ ಪಡೆಗಳ ಸಿಬ್ಬಂದಿಯ ಮೇಲೂ ಶಿಸ್ತು ಮತ್ತು ಆಡಳಿತದ ಅಧಿಕಾರ ನೀಡುವ ಕಾಯ್ದೆ ಜಾರಿಗೆ ಬಂದದ್ದು 2024ರ ಮೇ 10ರಂದು. ಆದರೂ ಪ್ರತಿಯೊಬ್ಬರಿಗೆ ಅನ್ವಯವಾಗುವುದು ಅವರವರ ಪಡೆಯ ಕಾಯ್ದೆಯೇ.

ಕಾಯ್ದೆಯಲ್ಲಿ ಅಸ್ಪಷ್ಟವಾಗಿ ಉಳಿದದ್ದನ್ನು ತಂತ್ರಾಂಶ ಸ್ಪಷ್ಟಗೊಳಿಸಲಾರದು. ಆದೇಶ ಬದಲಾದಾಗ ದಾಖಲೆಯನ್ನು ಬದಲಿಸದಿದ್ದರೆ ಅದು ಹಳೆಯ ಉತ್ತರವನ್ನೇ ಕೊಡುತ್ತದೆ. ಅಧಿಕಾರ ಯಾರದು ಎಂಬುದನ್ನು ಮೊದಲು ಮನುಷ್ಯರೇ ತೀರ್ಮಾನಿಸಿ ಬರೆದಿಡಬೇಕು.